ಅಪ್‌ಸೆಟ್

ಬಂದರಿನ ನಮ್ಮ ಮೆಡಿಕಲ್ಲಿನಲ್ಲಿ
ಈ ಶಬ್ದ ಮೂರನೇ ಶೆಲ್ಫಿನಲ್ಲಿರುತ್ತದೆ.
"ಅಕ್ಕಾ, ಅಪ್‌ಸೆಟ್ಟಿಗೆ ಒಂದು ಮಾತ್ರೆ" ಅಂದರೆ
ಹೊಟ್ಟೆ ಅಂತಲೇ ತಿಳಿದು ಕತ್ತರಿ ತೆಗೆಯುತ್ತೇನೆ,
ನಿನ್ನೆ ಎಂತ ತಿಂದದ್ದು, ಕೇಳುತ್ತೇನೆ.
ಮರುವಾಯಿ, ಅನ್ನುತ್ತಾರೆ. ಮದುವೆ ಊಟ, ಅನ್ನುತ್ತಾರೆ.
ಯಾರೂ ಈವರೆಗೆ
ಅತ್ತಿಗೆಯ ಮಾತು, ಅಂದದ್ದಿಲ್ಲ.

ಹಾಗಂತ ಒಂದೇ ಕಡೆ ಕೂರುವ ಶಬ್ದವಲ್ಲ.
ಕರೆಂಟು ಹೋದರೆ ಓನರ್ ಗ್ರೇಶಿಯನ್ ಪೊರ್ಬುಗಳು
ಫ್ರಿಜ್ಜಿನ ಇನ್ಸುಲಿನ್ ನೆನೆದು ಅಪ್‌ಸೆಟ್.
ಬ್ಯಾಂಕಿನ ಸುಮಲಿನಿ
"ಸ್ವಲ್ಪ ಅಪ್‌ಸೆಟ್ ಮಾರಾಯ್ತಿ" ಅಂದು ಉಗುರು ನೋಡಿಕೊಂಡರೆ
ಮ್ಯಾನೇಜರು ರಜೆ ಕೊಟ್ಟಿಲ್ಲ ಅಂತ ಅರ್ಥ;
"ತುಂಬಾ" ಅಂದರೆ ಏನೂ ಆಗಿಲ್ಲ;
ಬರೇ "ಅಪ್‌ಸೆಟ್" ಅಂದು ನಿಲ್ಲಿಸಿದ ದಿನ
ನಾನು ಸ್ಟೂಲು ಎಳೆದು ಕೊಟ್ಟಿದ್ದೆ.
ಅಳು ಒಳಗೆ ಹೋಗುವ ಮೊದಲು
ಬಾಗಿಲಲ್ಲಿ ಬಿಟ್ಟ ಚಪ್ಪಲಿ, ಈ ಶಬ್ದ.

ನಮ್ಮಲ್ಲಿ ಇದ್ದದ್ದು ಬೇಜಾರು.
ಬಸ್ಸು ಬಾರದಿದ್ದರೂ ಬೇಜಾರು, ಅಣ್ಣ ಸತ್ತರೂ ಬೇಜಾರು,
"ಬೇಜಾರು ಮಾಡಬೇಡಿ" ಅಂತ
ಚಿಲ್ಲರೆಗೆ ಬದಲು ಚಾಕಲೇಟು ಕೊಟ್ಟರೂ ಅದೇ.
ಉಟ್ಟು ಉಟ್ಟು ಬಣ್ಣ ಹೋದ ಸೀರೆ, ಮನೆಗೆ ಸಾಕು.
ಹೊರಗೆ ಹೊರಟರೆ ಅಪ್‌ಸೆಟ್.

ಅಪ್ಪನ ಟೈಪ್‌ರೈಟರು ಧಕ್ಕೆಯ ಎದುರು ಇತ್ತು.
ಅರ್ಜಿ, ದೂರು, ವಿಮೆ.
ಅಳಿವೆ ಬಾಗಿಲಲ್ಲಿ ದೋಣಿ ಅಪ್‌ಸೆಟ್, ಅಂತ
ಇಂಗ್ಲಿಷಿನಲ್ಲಿ ಹೊಡೆಯುತ್ತಿದ್ದರು,
ಕಾರ್ಬನ್ ಹಿಡಿದು ನಿಲ್ಲುವುದು ನನ್ನ ಕೆಲಸ.
ದೋಣಿಗೂ ಮನಸ್ಸು ಉಂಟಾ, ಕೇಳಿದ್ದೆ.
ಅಪ್ಪನ ಬೆರಳು ನಿಲ್ಲಲಿಲ್ಲ.
"ಮಗುಚಿದ್ದು ಮಗಾ. ಒಳಗಿದ್ದದ್ದೆಲ್ಲ ನೀರಿಗೆ.
ವಿಮೆಯವರಿಗೆ ಅಷ್ಟು ಸಾಕು."

ಮೊನ್ನೆ ಬೆಂಗ್ರೆಯ ಜಲಜಾಕ್ಷಿ
ಮೀನಿನ ಬುಟ್ಟಿ ಮೆಟ್ಟಿಲಲ್ಲಿ ಇಳಿಸಿ, ಕೈ ಒರೆಸಿ,
ಶಾಲೆಯ ಡೈರಿ ಚಾಚಿದರು.
ಹಿಂದೆ ಮಗ, ಅಂಗಿಯ ಗುಬ್ಬಿ ಒಂದು ತಪ್ಪಿ
ಎಲ್ಲವೂ ತಪ್ಪಿದ್ದವು.
ಕೆಂಪು ಶಾಯಿ, ಇಂಗ್ಲಿಷು:
ನಿಮ್ಮ ಮಗ ಒಂದು ವಾರದಿಂದ ಅಪ್‌ಸೆಟ್.
"ಮದ್ದು ಕೊಡಿ ಅಕ್ಕ, ಟೀಚರೇ ಬರೆದದ್ದು."

ನನ್ನ ಕೈ ಆಗಲೇ ಮೂರನೇ ಶೆಲ್ಫಿಗೆ ಹೋಗಿತ್ತು.
"ಬಂಜಿ ಬೇನೆ ಇಜ್ಜಿ," ಹುಡುಗ ಅಂದ.
ಮತ್ತೆ ಎಂತ?
ಅವನು ಡೈರಿಯ ಪುಟ ಹಿಂದೆ ತಿರುಗಿಸಿದ.
ಅಲ್ಲಿ ನೀಲಿ ಶಾಯಿ, ಬೇರೆ ಕೈ, ದುಂಡು ಅಕ್ಷರ:
ತನೀಶ್ ಇವತ್ತು ಏಳರ ಮಗ್ಗಿ ಹೇಳಿದ.
ಪಕ್ಕದಲ್ಲಿ ನಕ್ಷತ್ರ, ಒಂದು ಕಾಲು ಉದ್ದ.
"ಲವೀನಾ ಟೀಚರ್ ಪೋಯೆರ್."

ಜಲಜಾಕ್ಷಿಗೆ ಎಂತ ಹೇಳಲಿ?
ಮಗುಚಿದೆ, ಅನ್ನಲಾ?
ಹೊಳೆಯಾಚೆಯ ಆ ಮನೆಗಳಲ್ಲಿ
ಆ ಶಬ್ದವನ್ನು ಸುಮ್ಮನೆ ಆಡುವುದಿಲ್ಲ.
ಬೇಜಾರು, ಅಂದೆ.

"ಅಷ್ಟೆಯಾ," ಅಂದು ನಕ್ಕು
ಮೆಟ್ಟಿಲಲ್ಲಿ ಬುಟ್ಟಿಯ ಪಕ್ಕ ಕೂತರು,
ಅವನನ್ನು ಎಳೆದುಕೊಂಡರು,
ಗುಬ್ಬಿಗಳನ್ನೆಲ್ಲ ಬಿಚ್ಚಿ
ಕೆಳಗಿನಿಂದ ಒಂದೊಂದಾಗಿ ಹಾಕತೊಡಗಿದರು.
ಫೆರಿ ಎರಡು ಸಲ ಕೂಗಿತು. ಅವರು ಏಳಲಿಲ್ಲ.

ಕಿತ್ತಳೆ ರುಚಿಯ ಓಆರ್‌ಎಸ್ ಒಂದು
ಅವನ ಕಿಸೆಗೆ ಹಾಕಿದೆ, ಬಿಲ್ಲು ಮಾಡಲಿಲ್ಲ.
ಸಂಜೆ ಸ್ಟಾಕು ನೋಡುವಾಗ
ಪೊರ್ಬುಗಳು
ಸ್ವಲ್ಪ ಅಪ್‌ಸೆಟ್.