ಎರಡು ಸಲ ಬಂದ ಎರಡೂವರೆ

ಬಂಕಿನ ವಹಿವಾಟೆಲ್ಲ ತಾನಾಗಿ ಲೆಕ್ಕದ ತಂತ್ರಾಂಶಕ್ಕೆ ಹೋಗುವ ಹೊತ್ತನ್ನು
ಮೊದಲು ನಡುರಾತ್ರಿಗೆ ಇಟ್ಟಿದ್ದೆ.
ದಿನ ಮುಗಿಯುವುದು ಅಲ್ಲೇ ಅಂತ ಶಾಲೆಯಲ್ಲಿ ಕಲಿಸಿದ್ದರು.
ವಾರ್ಡೊ ದ್ವೀಪದ ಪೆಟ್ರೋಲ್ ಬಂಕಿಗೆ
ಅದನ್ನು ಯಾರೂ ಹೇಳಿರಲಿಲ್ಲ.
ಹನ್ನೆರಡಕ್ಕೆ ಐದು ನಿಮಿಷ ಇರುವಾಗ
ಏಡಿ ಹಿಡಿಯುವ ದೋಣಿಯೊಂದು ಡೀಸೆಲ್ ಪೈಪು ಕಚ್ಚಿಕೊಂಡರೆ
ಬಿಡುವುದು ಹನ್ನೆರಡು ಹತ್ತಕ್ಕೆ:
ಎಣ್ಣೆ ನಿನ್ನೆಯದು, ಹಣ ಇವತ್ತಿನದು,
ಅಖೈರು ಶಿಲ್ಕು ಬೆಳಿಗ್ಗೆ ನನ್ನ ಮುಖ ನೋಡಿ
ನಾನು ಯಾವತ್ತಿನದು ಅಂತ ಕೇಳುತ್ತಿತ್ತು.

ಒಂದು ಗಂಟೆಗೆ ತಳ್ಳಿದೆ. ಕಾರ್ಡ್ ಯಂತ್ರ
ತನ್ನ ಬ್ಯಾಂಕಿನ ಜೊತೆ ಮಾತಾಡುವ ಹೊತ್ತು ಅದು,
ನಡುವೆ ಬಾಯಿ ಹಾಕಿದರೆ ಇಬ್ಬರೂ ಮುನಿಯುತ್ತಾರೆ.
ನಾಲ್ಕಕ್ಕೆ ಮೀನುಗಾರರು ಏಳುತ್ತಾರೆ.
ಉಳಿದದ್ದು ಎರಡೂವರೆ.
ಆ ಹೊತ್ತಿಗೆ ಈ ಊರಲ್ಲಿ ಗಾಳಿ ಬಿಟ್ಟರೆ
ಯಾರೂ ಎಚ್ಚರ ಇರುವುದಿಲ್ಲ, ಅಂದಳು
ಬಂಕಿನ ಒಡತಿ ಆಸ್ಲೌಗ್. ಇಟ್ಟೆ.
ಏಳು ತಿಂಗಳು, ನಾನು ಮಲಗಿರುವಾಗ,
ಇಪ್ಪತ್ನಾಲ್ಕು ಗಂಟೆಯ ಗಂಟು ಹೊತ್ತು ಲೆಕ್ಕ ತಾನೇ ನಡೆದು ಬಂದು
ಕಿರ್ದಿಯಲ್ಲಿ ಸಾಲಾಗಿ ಕೂತಿರುತ್ತಿತ್ತು,
ಚಳಿಗೆ ಕೈ ಮುದುರಿಕೊಂಡ ಮಕ್ಕಳ ಹಾಗೆ.

ಅಕ್ಟೋಬರಿನ ಕೊನೆಯ ಭಾನುವಾರ ಮರೆತಿದ್ದೆ.
ಮೂರು ಹೊಡೆಯಬೇಕಾದ ಗಡಿಯಾರ
ಅಂದು ಎರಡಕ್ಕೆ ಹಿಂದಿರುಗುತ್ತದೆ:
ಮಾರ್ಚಿನಲ್ಲಿ ನಮ್ಮಿಂದ ಪಡೆದ ಕೈಗಡವನ್ನು
ಸರ್ಕಾರ ಬಡ್ಡಿಯಿಲ್ಲದೆ ತೀರಿಸುವ ಇರುಳು.
ಎರಡೂವರೆ ಬಂತು, ಗಂಟು ಹೋಯಿತು.
ಎರಡೂವರೆ ಮತ್ತೆ ಬಂತು,
ಅದೇ ಗಂಟು, ಇನ್ನಷ್ಟು ಭಾರ, ಮತ್ತೆ ಹೋಯಿತು.
ಸೋಮವಾರ ಆಸ್ಲೌಗಳ ಫೋನು:
ಒಂದೇ ದಿನ ಎರಡರಷ್ಟು ಮಾರಿದೆವಂತೆ,
ತೆರಿಗೆಯವರಿಗೆ ಹೂಗುಚ್ಛ ಕಳಿಸಲೇ?

ಹಗಲು ಕಂಡ ಬಾವಿಗೆ ಇರುಳು ಬಿದ್ದವಳು ನಾನು.
ಕೂತು ಅಳಿಸಿದೆ, ಅವಳಿಗಳಲ್ಲಿ ಒಂದೊಂದನ್ನೇ.
ಡೀಸೆಲ್, ಡೀಸೆಲ್. ಉಣ್ಣೆ ಕೈಗವಸು, ಉಣ್ಣೆ ಕೈಗವಸು.
ಒಂದು ಕಡೆ ಮಾತ್ರ ಸಾಲು ಮೂರಿದ್ದವು:
ಚಕ್ಕೆ ಬನ್ನು, ಮೂವತ್ತೆಂಟು ಕ್ರೋನರ್, ಎರಡು ಇಪ್ಪತ್ತೆಂಟು,
ಅದೇ ಕಾರ್ಡಿನ ಕೊನೆಯ ನಾಲ್ಕು ಅಂಕಿ.
ಯಂತ್ರಕ್ಕೆ ಬಿಕ್ಕಳಿಕೆ ಅಂದುಕೊಂಡು ಎರಡನ್ನು ಅಳಿಸಿದೆ.
ರಸೀದಿ ಸಂಖ್ಯೆ ನೋಡಬೇಕಿತ್ತು. ಕಣ್ಣು ಉರಿಯುತ್ತಿತ್ತು.

ತಿಂಗಳ ದಾಸ್ತಾನಿನಲ್ಲಿ ಬನ್ನು ಒಂದು ಕಡಿಮೆ.
ಹಾಳಾದದ್ದು ಅಂತ ಬರೆದೆವು.
ರಾತ್ರಿ ಪಾಳಿಯ ರೋಲಾಂಡಾಸನ ಕಡೆ ಯಾರೂ ನೋಡಲಿಲ್ಲ.
ನೋಡಲಿಲ್ಲ ಅನ್ನುವುದು ಅವನಿಗೆ ಗೊತ್ತಾಯಿತು.

ಡಿಸೆಂಬರಿನಲ್ಲಿ, ಸೂರ್ಯ ರಜೆ ಹಾಕಿದ ಮೇಲೆ,
ಕಾಫಿಯ ಸರದಿಯಲ್ಲಿ ಗುನ್‌ವೊರ್ ಸಿಕ್ಕಳು,
ವೃದ್ಧರ ಆರೈಕೆಮನೆಯ ರಾತ್ರಿ ನರ್ಸು.
ಮಾತಿಗೆ ಮಾತು ಬಂದು ಹೇಳಿದಳು:
ಆ ಉದ್ದದ ರಾತ್ರಿ ನನಗೆ ಅಂತ ಬನ್ನು ತಂದಿದ್ದೆ.
ನಾಲ್ಕು ದಿನದಿಂದ ಬಾಯಿಗೆ ಚಮಚ ಬಿಡದ ಪೆಟ್ರಾ-ಎಲಿಸೆ
ಎದ್ದು ಕೂತು, ಅದೇನು ವಾಸನೆ ಅಂದಳು.
ಚೂರು ಕೊಟ್ಟೆ. ಕಾಗದಕ್ಕಂಟಿದ ಸಕ್ಕರೆಯನ್ನೂ ಬಿಡಲಿಲ್ಲ.
ಮತ್ತೆ ಓಡಿ ಬಂದು ಇನ್ನೊಂದು ಕೊಂಡೆ.
ಗೋಡೆ ನೋಡಿದರೆ ಮೊದಲು ಬಂದಾಗಿನದೇ ಹೊತ್ತು,
ನಿಮಿಷ ಸಮೇತ! ನಗು ಬಂತು.

ನನಗೆ ಬರಲಿಲ್ಲ.

ಅವತ್ತೇ ಮುಚ್ಚಿದ ತಿಂಗಳನ್ನು ತೆರೆಸಿದೆ.
ಮೂವತ್ತೆಂಟು ಕ್ರೋನರಿಗಾ ಅಂತ ಆಸ್ಲೌಗ್ ಬೈದಳು.
ರಸೀದಿ ಸಂಖ್ಯೆ ಹುಡುಕಿ ಸಾಲನ್ನು ಜಮೆಯ ಕಡೆ ಕೂರಿಸಿದೆ,
ಹಾಳಾದದ್ದು ಎಂಬ ಪದವನ್ನು ಹೊಡೆದು ಹಾಕಿದೆ,
ವಿವರದ ಚೌಕದಲ್ಲಿ ಬರೆದೆ: ಹಾಳಾಗಿಲ್ಲ, ತಿಂದದ್ದು.
ರೋಲಾಂಡಾಸನಿಗೂ ಹೋಗಿ ಹೇಳಿದೆ.
ಅವನು ತಲೆಯಾಡಿಸಿ, ನೆಲ ಒರೆಸುವ ಕೋಲು ಹಿಡಿದು
ಹಾಲಿನ ಕಪಾಟಿನ ಹಿಂದಕ್ಕೆ ಹೋದ.

ಈಗ ಐದು ಹತ್ತಕ್ಕೆ ಇಟ್ಟಿದ್ದೇನೆ,
ಕೊನೆಯ ದೋಣಿಗೂ ಮೊದಲ ಕಾಫಿಗೂ ನಡುವೆ.
ಅಲ್ಲೂ ಯಾರೋ ಇರುತ್ತಾರೆ.
ಮಾರ್ಚ್ ಬರುತ್ತಿದೆ. ಅದರ ಕೊನೆಯ ಭಾನುವಾರ
ಎರಡು ಇಪ್ಪತ್ತೆಂಟು ಅನ್ನುವುದೇ ಇರುವುದಿಲ್ಲ.
ಆ ರಾತ್ರಿ ಪಾಳಿ ಯಾರದು ಅಂತ
ಗುನ್‌ವೊರಳನ್ನು ಕೇಳಿಡಬೇಕು.