ಎರಡೂವರೆ ಇಂಚಿನ ಪೈಪು

ಹ್ಯಾಂಡ್‌ಪೋಸ್ಟಿನ ನನ್ನ ಶೆಡ್ಡಿಗೆ ಅವತ್ತು
ಮೂತಿ ಒಡೆದುಕೊಂಡು ಬಂತು ಮಗ್ಗೆಯ ಶಿವಮಾದುವಿನ ಪಿಕಪ್ಪು.
ಎಡಗಣ್ಣಿಲ್ಲ. ಬಂಪರು ಹಪ್ಪಳ.
ರೇಡಿಯೇಟರಿನ ಜಾಲರಿಯಲ್ಲಿ ಇನ್ನೂ
ಕಂದು ಕೂದಲು ನಾಲ್ಕು, ಬಿಳಿಯದೊಂದು,
ಚುಕ್ಕಿಯದಿರಬೇಕು.

"ಮುನೀರಣ್ಣ, ಗಟ್ಟಿ ಗಾರ್ಡು ಕಟ್ಕೊಡು.
ಸಾರಗ ಬುಡು, ಕಡವೆ ಬಂದ್ರೂ ಅಲ್ಲಾಡಬಾರ್ದು."

ಗೇಟು ಬಿಡುವುದು ಬೆಳಿಗ್ಗೆ ಆರಕ್ಕೆ.
ರಾತ್ರಿಯೆಲ್ಲ ಉದ್ಬೂರಿನಲ್ಲಿ ಸಾಲುಗಟ್ಟಿ ನಿಂತ ಗಾಡಿಗಳು
ಹಗ್ಗ ಬಿಚ್ಚಿದ ಕರು ಕೆಚ್ಚಲಿಗೆ ನುಗ್ಗಿದ ಹಾಗೆ ನುಗ್ಗುತ್ತವೆ.
ಮಾನಂದವಾಡಿಯ ಮಂಡಿಯಲ್ಲಿ ಮೊದಲು ಇಳಿದ ಬಾಳೆಗೊನೆಗೆ ಒಂದು ರೇಟು,
ಒಂಬತ್ತರ ಮೇಲೆ ಇಳಿದದ್ದಕ್ಕೆ ಇನ್ನೊಂದು.
ಗೇಟು ತೆರೆದದ್ದು ನಮಗೆ ಗೊತ್ತು.
ಹುಲ್ಲಿಗೆ ದಾಟುವವಕ್ಕೆ ಯಾರು ಹೇಳಬೇಕು?

ಅಳತೆ ಹಿಡಿದೆ. ಎರಡೂವರೆ ಇಂಚಿನ ಪೈಪು, ದಪ್ಪದ್ದು,
ಮೇಲೊಂದು ಅಡ್ಡ, ಕೆಳಗೊಂದು ಅಡ್ಡ, ಬೋಲ್ಟು ನೇರ ಚಾಸಿಗೇ.
"ಆರ್‌ಟಿಓ ಕಂಡ್ರೆ ದಂಡ ಹಾಕ್ತಾನೆ ಕಣಪ್ಪ."
"ದಂಡ ಒಂದ್ಸಲ. ರೇಡಿಯೇಟರು ಎಷ್ಟ್ಸಲ?"
ಲೆಕ್ಕ ಸರಿಯಿತ್ತು.

ಕಿಡಿ ಹಾರುವಾಗ ಜನ ಮುಖ ತಿರುಗಿಸಿ ಕೂರುತ್ತಾರೆ.
ಆಗಲೇ ಮಾತು ಬರುವುದು.
ಗೋಡೆ ನೋಡುತ್ತ ಹೇಳಿದ:
ನೀರೆಲ್ಲ ಸೋರಿ ಇಂಜಿನ್ನು ನಿಂತೇಹೋಯಿತಂತೆ.
ಹಿಂದಿನವರು ಹಾರನ್ನು ಹೊಡೆದು ಪಕ್ಕದಿಂದ ಹೋದರಂತೆ.
ಅದಕ್ಕೆ ಇನ್ನೂ ಉಸಿರಿತ್ತು,
ಹಿಂಗಾಲು ಮಾತ್ರ ಹೇಳಿದ ಮಾತು ಕೇಳುತ್ತಿರಲಿಲ್ಲ.
ಹೋಗಿಬಿಡೋಣವೆಂದರೆ ಗಾಡಿ ಓಡದು,
ಇರೋಣವೆಂದರೆ ಫಾರೆಸ್ಟಿನವರ ಕೇಸು.
ಕ್ಯಾನಿನಲ್ಲಿ ಉಳಿದ ನೀರು ರೇಡಿಯೇಟರಿಗೆ ಸಾಲದು.
ಮುಚ್ಚಳದಲ್ಲಿ ಹಿಡಿದು ಅದರ ಬಾಯಿಗೆ ಬಿಟ್ಟನಂತೆ.
ಕುಡಿಯಿತೋ ಹರಿದುಹೋಯಿತೋ.
"ಕಣ್ಣು ಮಾತ್ರ, ನಮ್ಮನೆ ಆಡಿನ ಕಣ್ಣಿನ ಥರಾನೇ..."
ಅಷ್ಟರಲ್ಲಿ ರಾಡು ಮುಗಿಯಿತು. ಕಿಡಿ ನಿಂತಿತು.
ಅವನೂ ನಿಲ್ಲಿಸಿದ.

ಗ್ರೈಂಡರು ಹಿಡಿದು, ಕರಿ ಬಣ್ಣ ಹೊಡೆದು,
ತೂಕ ಹಾಕಿದರೆ ಐವತ್ತೆಂಟು ಕೇಜಿ.
ಬಿಲ್ಲು ಬರೆದೆ: ಗಾರ್ಡು ಒಂದು, ಲೈಟು ಒಂದು, ಬೋಲ್ಟು ಎಂಟು.
ಕೂಲಿ ಬರೆಯುವಾಗ ಇವನು ಕೊಂಡದ್ದೇನು ಅಂತ ಹೊಳೆಯಿತು:
ನಿಲ್ಲದೆ ಹೋಗುವುದನ್ನು, ಕೇಜಿಗಿಷ್ಟು ಅಂತ.
ಹೊಳೆದರೂ ನೂರು ರೂಪಾಯಿ ಬಿಡಲಿಲ್ಲ ನಾನು.

ಗೌರಿಹಬ್ಬ ಕಳೆದ ಮೇಲೆ ಮತ್ತೆ ಬಂದ.
ಗಾಡಿ ಹೊಸ ಅಳಿಯನ ಹಾಗಿದೆ, ಮೈಮೇಲೆ ಒಂದು ಗೀರಿಲ್ಲ.
"ಏನಾಯ್ತು?"
"ಏನೂ ಇಲ್ಲ."
ಟೀ ಬಂತು. ಕುಡಿದ. ಲೋಟದ ತಳ ನೋಡಿದ.
"ಹೋದ ವಾರ ಒಂದು ಸದ್ದು. ಅಷ್ಟೇಯ.
ಸ್ಟೇರಿಂಗು ಕೂಡ ಅಲ್ಲಾಡ್ಲಿಲ್ಲ ಮುನೀರಣ್ಣ.
ಕನ್ನಡೀಲಿ ನೋಡ್ದೆ. ಮಂಜು.
ಹಿಂದ್ಲ ಗಾಡಿ ಲೈಟು.
ಏಳೂಕಾಲಿಗೆಲ್ಲ ಮಂಡೀಲಿದ್ದೆ. ಒಳ್ಳೇ ರೇಟು ಸಿಕ್ತು."

ಬಗ್ಗಿ ನೋಡಿದೆ. ಕೆಳಗಿನ ಅಡ್ಡದ ಬೆಸುಗೆ,
ಸರಿಯಾಗಿ ಉಜ್ಜದೆ ನಾನೇ ಬಿಟ್ಟ ಒಂದು ಮುಳ್ಳು,
ಅಲ್ಲಿ...
ಹೇಳಲಿಲ್ಲ. ವೈರ್ ಬ್ರಶ್ಶು ತಾ ಅಂತ ಹುಡುಗನಿಗೂ ಹೇಳಲಿಲ್ಲ.

ಲೋಟ ಕೆಳಗಿಟ್ಟು ಶಿವಮಾದು, ಗಾಡಿಯ ಕಡೆ ನೋಡದೆ,
ಸೀರೆ ಅಂಗಡಿಯಲ್ಲಿ ಗಂಡಸು ಬಣ್ಣ ಕೇಳುವ ಹಾಗೆ ನಾಚಿಕೊಂಡು ಕೇಳಿದ:
"ಇದಕ್ಕಿಂತ ವಸಿ ತೆಳ್ಳಗಿಂದು ಬತ್ತದಾ?
ಬಗ್ಗೋ ಅಂತದ್ದು."

ಬರುತ್ತದೆ, ಅಂದೆ. ಇದನ್ನು ಕೊಯ್ಯಬೇಕು, ಅರ್ಧ ದಿನದ ಕೆಲಸ.
"ನಾಳೆ ಬಾಡಿಗೆ ತಪ್ಪೋಯ್ತದಲ್ಲ."
ಎದ್ದ. ಮತ್ತೆ ಕೂತ.

ಕಿವಿಸಂದಿಯ ಸೀಮೆಸುಣ್ಣ ತೆಗೆದು
ಪೈಪಿನ ಮೇಲೆ, ಕೊಯ್ಯಬೇಕಾದ ಕಡೆ, ಒಂದು ಗೆರೆ ಎಳೆದೆ.
ಅವನು ಹೂಂ ಅನ್ನುವ ತನಕ ಇರಲಿ ಅಂತ.