ಜುಮುಜುಮು

ಮೊದಲು ಬರೋದು ನೋವಲ್ಲ, ಅಂಬಾರಾಯ,
ಜುಮುಜುಮು.
ಹೊಲಿಗಿ ಮಷೀನು ತುಳೀತಿರತೀನಿ,
ಎಡತೊಡಿ ಒಳಮೈಗೆ
ಯಾರೋ ಒಳಗಿಂದ ಕಚ್ಚಾ ಹೊಲಿಗಿ ಹಾಕಿದಂಗ,
ದೂರ ದೂರ ಟಾಕಾ, ಸಡಿಲ ದಾರ.
ಆಮ್ಯಾಲೆ ಕುಂಡಿ ತನಕ ಒಂದು ಎಳತ.
ಆವಾಗ ತಿಳೀತದ: ಬಂತು.

ಮರುದಿನ ಸಣ್ಣ ಗುಳ್ಳಿ,
ನೆನೆದ ಸಾಬುದಾಣಿ ಹಂಗ, ಗುಂಪಾಗಿ.
ಆಮ್ಯಾಲೆ ಒಡೀತಾವ.
ಉಚ್ಚಿ ಹೋಗೋದಂದ್ರ ಗಾಯದ ಮ್ಯಾಲೆ
ಗುಂಟೂರ ಖಾರ.
ಚೊಂಬಿನಾಗ ಉಗುರು ಬೆಚ್ಚನ ನೀರು ಹಿಡ್ಕೊಂಡು
ಸುರ್ಕೋತ ಕೂಡ್ತೀನಿ, ಅಷ್ಟು ಉರಿ ಕಮ್ಮಿ.
ಇದನ್ನ ಯಾರೂ ಕಲಿಸಲಿಲ್ಲ,
ಉರೀನೇ ಕಲಿಸಿತು.

ಮೊದಲನೇ ಸಲ ಶಹಾಬಾದದಾಗಿದ್ದೆ, ಇಪ್ಪತ್ತಾರು ನನಗ.
ಮೈಯೆಲ್ಲಾ ಜ್ವರ, ತೊಡಿಸಂದಿಯೊಳಗ ಗಂಟು.
ಅತ್ತಿ ಅಂದಳು: ಸರ್ಪಸುತ್ತು, ಕಾವಿ ಬಳಿಸ್ಕೋ.
ಕಾವಿ ಮುದುಕ ಪಕ್ಕೆಲುಬಿಗೆ ಬಳೀತಾನ,
ಬೆನ್ನಿಗೆ ಬಳೀತಾನ.
ಇದಕ್ಕ ಸೀರಿ ಎಷ್ಟು ಎತ್ತಲಿ?
ಹಿಂಬಾಗಿಲಿಲೆ ಹೊರಬಿದ್ದು
ಕಲಬುರಗಿ ರೈಲು ಹತ್ತಿದೆ.

ನುಸ್ರತ್ ಡಾಕ್ಟ್ರಮ್ಮ ಪರದೆ ಎಳೆದು ನೋಡಿ,
ಹತ್ತಿ ಕಡ್ಡಿಲೆ ಒಂದು ಹನಿ ತಕ್ಕೊಂಡು,
ಆಮ್ಯಾಲೆ ಕರೆಸಿ ಹೆಸರು ಹೇಳಿದ್ಲು: ಹರ್ಪೀಸ್.
"ಸರ್ಪಸುತ್ತಲ್ಲ, ಅದರ ದಾಯಾದಿ ಅನ್ನು.
ಬೆನ್ನಿನ ಬುಡಕ್ಕ ನರದಾಗ ಮಲಗತದ.
ಓಡಸಲಿಕ್ಕಾಗಲ್ಲ. ಮಲಗಿಸಿಡಬಹುದು."
ಯಾರಿಂದ ಬಂತು ಅಂತ ಕೇಳಿದೆ.
"ಒಬ್ಬೊಬ್ಬರಾಗ ವರ್ಷಗಟ್ಟಲೆ ಸುಮ್ಮನಿರತದ,
ಅವರಿಗೇ ಗೊತ್ತಿರಲ್ಲ" ಅಂದ್ಲು.
ಗಂಡಗ ಹೇಳಿದೆ.
ಅವ ಗ್ಲಾಸು ಒಗೆದ.

ಅದು ಹೋಗಲಿ.

ಈಗ ವರ್ಷಕ್ಕ ಎರಡು ಸಲ, ಮೂರು.
ಮೇ ತಿಂಗಳ ಬಿಸಲಾಗ ಒಂದು.
ಲಗ್ನದ ಸೀಜನ್ನಿನಾಗ ರಾತ್ರಿ ಎರಡರ ತನಕ
ಮಂದಿ ಬ್ಲೌಸ್ ಹೊಲಿದಾಗ ಒಂದು.
ಒಂದೊಂದ್ಸಲ ಕಾರಣಾನೇ ಇಲ್ಲ.
ಡಾಕ್ಟ್ರಮ್ಮ ಬರೆದ ಗುಳಿಗಿ ಸೂಜಿಡಬ್ಬಿಯೊಳಗ ಇರತಾವ,
ಜುಮು ಅಂದ ಕೂಡ್ಲೆ ನುಂಗಬೇಕು,
ಗುಳ್ಳಿ ಒಡೆದ ಮ್ಯಾಲೆ ನುಂಗಿದ್ರ
ಬಸ್ಸು ಹೋದ ಮ್ಯಾಲೆ ಕೈ ಮಾಡಿದಂಗ.
ಉಪ್ಪಿನ ನೀರು. ಸಡಿಲ ಹತ್ತಿ ಚಡ್ಡಿ,
ಹಳೇ ಧೋತರದ್ದು, ನಾನೇ ಹೊಲಿದದ್ದು.
ಮುಟ್ಟಿದ ಕೈ ಸಾಬೂನಿಲೆ ತೊಳೀಬೇಕು,
ಕಣ್ಣಿಗೆ ಹಚ್ಚಬಾರದು.
ಜುಮು ಅಂದಾಗಿಂದ ಪೂರಾ ಚರ್ಮ ಕೂಡೋ ತನಕ
ಹಾಸಿಗಿ ಬ್ಯಾರೆ.
ಉಳಿದ ದಿನ ಕಾಂಡೋಮು. ಖರೆ ಹೇಳಬೇಕಂದ್ರ
ಅದೂ ಗೋಡಿ ಅಲ್ಲ, ತಟ್ಟಿ.
ಏನೂ ಕಾಣದ ದಿನಾನೂ ಅದು ದಾಟಬಹುದು,
ನನ್ನಿಂದ ನಿನಗ.

ಇಷ್ಟು ಹೇಳಲಿಕ್ಕ
ಅಪ್ಪನ ಕೆರಿ ದಂಡಿಗೆ ಮೂರು ಸಲ ಕರೆದೆ ನಿನ್ನ.
ಎರಡು ಸಲ ಮಿರ್ಚಿ ಭಜಿ ತಿನಿಸಿ ಕಳಿಸಿದೆ.
ನಾಳೆ ನಿಮ್ಮಕ್ಕ ಕುಬಸದ ಅಳತಿ ಹಿಡ್ಕೊಂಡು ಬರ್ತಾಳಂತ.
ಬ್ಯಾಡಂದ್ರ ಇವತ್ತೇ ಫೋನು ಮಾಡು,
ಹುಡುಗಿಗೆ ವಯಸ್ಸು ಜಾಸ್ತಿ ಆತು ಅನ್ನು,
ಏನರೆ ಅನ್ನು.
ಇದೊಂದು ಅನಬ್ಯಾಡ.

ಅವ ಗಂಜಿನಾಗ ತಕ್ಕಡಿ ರಿಪೇರಿ ಮಾಡಾವ.
ಐವತ್ತು ಗ್ರಾಮಿನ ಹಿತ್ತಾಳಿ ಬೊಟ್ಟು
ಬಂದಾಗಿಂದ ಬೆರಳಾಗ ತಿರಗಸ್ಕೋತ ಕುಂತಿದ್ದ.
ನೀರಿನ ಮ್ಯಾಲೆ ಎರಡು ಹುಡುಗರು
ಒಡೆದ ಥರ್ಮಾಕೋಲಿನ ಮ್ಯಾಲೆ ತೇಲಲಿಕ್ಕ ನೋಡಲತ್ತಿದ್ರು.
ಭಾಳ ಹೊತ್ತು ಅವರನ್ನೇ ನೋಡಿದ.
ಬೊಟ್ಟು ಕಿಸೇಕ ಹಾಕಿದ.
ಒಂದೇ ಕೇಳಿದ:
"ಉಪ್ಪು ಎಷ್ಟು ಹಾಕ್ತಿ, ಒಂದು ಬಕೀಟಿಗೆ?"

ನನಗ ಲೆಕ್ಕ ಗೊತ್ತಿರಲಿಲ್ಲ.
ಹಿಡಿಲೆ ಹಾಕ್ತಿದ್ದೆ,
ಇಷ್ಟು ವರ್ಷ.